ಪಾದುಕಾಪುಷ್ಪದ ಸಸಿ

ಮಲೆನಾಡಿನ ಮರಗಳ ಕೊಂಬೆಗಳಲ್ಲಿ ತೂಗಾಡುವ ಸೀತಾಳೆದಂಡೆಯನ್ನು ಕನ್ನಡಿಗರು ಬಹುಕಾಲದಿಂದ ಬಲ್ಲರು. ಅದೇ ಕುಲಕ್ಕೆ ಸೇರಿದ ಇನ್ನೊಂದು ಹೂವುಂಟು. ಅದರ ಕೆಳಗಿನ ಎಸಳು ಚೀಲದಂತೆ ಬಾಗಿ ಪಾದುಕೆಯ ಆಕಾರವನ್ನು ತಾಳಿರುವುದು. ಸಸ್ಯಶಾಸ್ತ್ರಜ್ಞರು ಅದನ್ನು ಪಾಫಿಯೋಪೆಡಿಲಮ್ ಎನ್ನುವರು. ಪಾಫೋಸ್ ಎಂಬ ಊರಿನ ದೇವಿಯ ಪಾದರಕ್ಷೆಯೆಂದು ಆ ಗ್ರೀಕ್ ಹೆಸರಿನ ಅರ್ಥ. ಕನ್ನಡದಲ್ಲಿ ಪಾದುಕಾಪುಷ್ಪವೆಂದರೆ ಸಲ್ಲುವುದು. ತಳಕಲ್ಲಿನಂತಹ ಬಯಲುಸೀಮೆಯ ಊರಿನಲ್ಲಿಯೂ ಇಂದು ಇದರ ಸಸಿಯೊಂದನ್ನು ಮನೆಯೊಳಗೆ ಸಾಕಬಹುದಾಗಿದೆ. ಇದರ ಹಿಂದೆ ಒಂದು ಲೋಭದ ಕಥೆಯೂ ಒಂದು ತಾಳ್ಮೆಯ ಕಥೆಯೂ ಇವೆ.

ಸಿಲ್ಹೆಟ್ ಪ್ರಾಂತದಿಂದ ಹೋದ ಪಾದುಕಾಪುಷ್ಪವೊಂದು 1819ರಲ್ಲಿ ಇಂಗ್ಲೆಂಡಿನ ಗಾಜಿನ ಮನೆಯಲ್ಲಿ ಅರಳಿತು. ಅಂದಿನಿಂದ ಅಲ್ಲಿಯ ಶ್ರೀಮಂತರಿಗೆ ಈ ಹೂವಿನ ಹುಚ್ಚು ಹಿಡಿಯಿತು. 1857ರಲ್ಲಿ ಅಲ್ಲಿ ಕಾಣಿಸಿಕೊಂಡ ಒಂದು ಜಾತಿಯು ಬಳಿಕ ಕಣ್ಮರೆಯಾಗಲು, ಅದನ್ನು ಮರಳಿ ತಂದವರಿಗೆ ಸಾವಿರ ಪೌಂಡು ಕೊಡುವೆನೆಂದು ಒಬ್ಬ ವರ್ತಕನು ಸಾರಿದನು. 1905ರ ಸುಮಾರಿಗೆ ಅದು ಭೂತಾನದ ಕಡೆ ಮತ್ತೆ ದೊರೆಯಿತು. ಹೀಗೆ ಹೂವಿಗೆ ಬೆಲೆ ಬಂದಷ್ಟೂ ಬೆಟ್ಟಗಳು ಬರಿದಾಗುತ್ತ ಬಂದವು.

ದಕ್ಷಿಣ ಭಾರತದಲ್ಲಿ ಈ ವರ್ಗದ ಒಂದೇ ಒಂದು ಜಾತಿ ಬೆಳೆಯುವುದು. ಅದನ್ನು 1865ರಲ್ಲಿ ತಿರುವಾಂಕೂರಿನ ಬೆಟ್ಟಗಳಲ್ಲಿ ಕಂಡವನು ಕರ್ನಲ್ ಹೀಬರ್ ಡ್ರೂರಿ. 1874ರಲ್ಲಿ ಬೆಡ್ಡೋಮ್ ಎಂಬ ಸಸ್ಯಜ್ಞನು ಅದಕ್ಕೆ ಡ್ರೂರಿಯ ಹೆಸರನ್ನಿಟ್ಟನು. ನಡುವೆ ಕಂದುಗೆರೆಯುಳ್ಳ ಹಳದಿಯ ಈ ಹೂವಿಗೆ ಅಗಸ್ತ್ಯಮಲೆಯ ಪ್ರದೇಶವೇ ನೆಲೆ. ಸಂಗ್ರಹಕಾರರು ಕಿತ್ತೊಯ್ದು ಅದನ್ನು ಅಳಿವಿನಂಚಿಗೆ ತಂದರು.

ಬೀಜದಿಂದ ಬೆಳೆಸಬಾರದೇಕೆಂದು ಯಾರಾದರೂ ಕೇಳಬಹುದು. ಇದರ ಬೀಜವು ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಬುತ್ತಿಯು ಅದರಲ್ಲಿ ಇಲ್ಲ. ಇಂಗ್ಲೆಂಡಿನ ತೋಟಗಾರ ಜಾನ್ ಡೊಮಿನಿಯು ಎರಡು ಜಾತಿಗಳನ್ನು ಕೂಡಿಸಿ ಪಡೆದ ಸಂಕರ ಸಸಿಯು 1869ರಲ್ಲಿ ಹೂಬಿಟ್ಟಿತಾದರೂ ಅಂತಹ ಫಲವು ಅಪರೂಪವಾಗಿತ್ತು. 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡನು ಇದರ ಗುಟ್ಟನ್ನು ಕಂಡನು: ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರವು ಬೀಜದೊಳಗೆ ಹೊಕ್ಕು ಅದಕ್ಕೆ ಉಣಿಸುತ್ತದೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬವನು ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆ ಮತ್ತು ಲವಣಗಳ ಪಾಕದ ಮೇಲೆ ಗಾಜಿನ ಶೀಸೆಯಲ್ಲಿ ಆರ್ಕಿಡ್ ಬೀಜಗಳನ್ನು ಮೊಳೆಯಿಸಿದನು. ಬೆಟ್ಟವನ್ನು ಬರಿದು ಮಾಡದೆ ಹೂವನ್ನು ಪಡೆಯುವ ದಾರಿ ಅಂದು ತೆರೆಯಿತು.

ಕಾನೂನು ತಡವಾಗಿ ಬಂದಿತು. 1975ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು ಇದರ ವ್ಯಾಪಾರವನ್ನು ಕಟ್ಟುಪಾಡಿಗೊಳಪಡಿಸಿತು. 1991ರ ತಿದ್ದುಪಡಿಯಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಇದಕ್ಕೆ ರಕ್ಷಣೆ ನೀಡಿತು. ಆದುದರಿಂದ ಸಸಿಯನ್ನು ಕೊಳ್ಳುವವರು ಅದು ಶೀಸೆಯಲ್ಲಿ ಹುಟ್ಟಿತೋ ಕಾಡಿನಿಂದ ಕದ್ದು ಬಂದಿತೋ ಎಂದು ಮೊದಲು ವಿಚಾರಿಸತಕ್ಕುದು.

ತಳಕಲ್ಲಿನ ಬೇಸಗೆಯ ಒಣಗಾಳಿಗೆ ಈ ಸಸಿ ಹೊಂದುವುದಿಲ್ಲ. ಬೇರೆ ಎಷ್ಟೋ ಸೀತಾಳೆಗಳಂತೆ ನೀರನ್ನು ಕೂಡಿಡುವ ಗಡ್ಡೆ ಇದಕ್ಕಿಲ್ಲ. ಹಾಗೆಂದು ನೀರು ನಿಂತರೆ ಬೇರು ಕೊಳೆಯುವುದು. ಮರದ ತೊಗಟೆಯ ಚೂರು, ಇದ್ದಿಲ ತುಂಡು ತುಂಬಿದ ತೂತುಳ್ಳ ಸಣ್ಣ ಕುಂಡದಲ್ಲಿ ಅದನ್ನಿಟ್ಟು, ಮೂಡಣ ಕಿಟಕಿಯ ಇಳಿಬೆಳಕಿಗೆ ಸರಿಸಬೇಕು. ಕುಂಡದ ಕೆಳಗೆ ಹರಳುಕಲ್ಲು ತುಂಬಿದ ತಟ್ಟೆಯಲ್ಲಿ, ಬುಡಕ್ಕೆ ತಾಗದಂತೆ, ನೀರಿದ್ದರೆ ಗಾಳಿ ತೇವವಾಗುವುದು. ಕೊಳವೆಬಾವಿಯ ಉಪ್ಪುನೀರಿಗಿಂತ ಕೂಡಿಟ್ಟ ಮಳೆನೀರು ಮೇಲು. ಎಲೆಗಳ ನಡುಗುಂಡಿಯಲ್ಲಿ ಹನಿ ನಿಲ್ಲಲೀಯಬಾರದು.

ಇಷ್ಟಾದರೂ ಹೂವಿಗೆ ಹಲವು ವರ್ಷ ಕಾಯಬೇಕು. ಇತರ ಎಷ್ಟೋ ಆರ್ಕಿಡ್‌ಗಳಂತೆ ಇದನ್ನು ಒಂದರ ಪ್ರತಿಯಾಗಿ ಸಾವಿರ ಮಾಡುವುದು ಸುಲಭವಲ್ಲ. ಬೀಜದಿಂದ ಬಂದ ಒಂದೊಂದು ಸಸಿಯೂ ತನ್ನದೇ ಬಣ್ಣವನ್ನು ಹೊತ್ತು ಹುಟ್ಟುವುದು. ಅರಳುವ ತನಕ ಅದು ಯಾರಿಗೂ ತಿಳಿಯದು. ಒಂದು ಕಾಲದಲ್ಲಿ ಸಾವಿರ ಪೌಂಡಿನ ಆಸೆಗೆ ಬೆಟ್ಟವನ್ನೇ ಅಗೆದ ಮನುಷ್ಯನು ಇಂದು ಕಿಟಕಿಯ ಬಳಿ ಒಂದು ಎಳೆಸಸಿಗಾಗಿ ವರ್ಷಗಟ್ಟಲೆ ಕಾಯಲು ಕಲಿತರೆ, ಹಳೆಯ ಸಾಲದಲ್ಲಿ ಕಿಂಚಿತ್ತಾದರೂ ತೀರಿದಂತೆಯೇ ಸರಿ.