ಬಾಡಿಗೆ ಮನೆಯ ಕಾಯಿದೆ ನಡೆದುಬಂದ ದಾರಿ

1956ನೆಯ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕನ್ನಡಿಗರೂ ಮುಂಬಯಿಗೆ ಬಂದ ಕನ್ನಡಿಗರೂ ಒಂದೇ ಸರಕಾರದ ಪ್ರಜೆಗಳಾಗಿದ್ದರು. ಆದಕಾರಣ ಮುಂಬಯಿ ಸರಕಾರದ 1947ರ ಬಾಡಿಗೆ ಕಾಯಿದೆ ಆ ಸೀಮೆಗೂ ಸೇರಿತ್ತು. ಅಲ್ಲಿ 1961ರ ಮೈಸೂರು ಕಾಯಿದೆ ಅದರ ಸ್ಥಾನಕ್ಕೆ ಬಂದಿತು. ಹೊಟ್ಟೆಪಾಡಿಗಾಗಿ ಇತ್ತ ನೆಲೆಸಿದವರಿಗೆ ಹಳೆಯದೇ ಉಳಿಯಿತು.

ಈ ಕಾಯಿದೆಯ ಬೇರು ಯುದ್ಧಕಾಲದ್ದು. ಮುಂಬಯಿಯಲ್ಲಿ ಜನ ಹೆಚ್ಚಿ ಮನೆ ಸಾಲದೆ ಹೋದಾಗ, 1918ರಲ್ಲಿ ಬಾಡಿಗೆಗೆ ಮೊದಲ ಕಡಿವಾಣ ಬಿದ್ದಿತು. 1947ರ ಕಾಯಿದೆಯು 1940ನೆಯ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಅಳತೆಗೋಲಾಗಿ ಹಿಡಿಯಿತು. ಇದರಿಂದ ಬಡವನ ಖೋಲಿ ಉಳಿಯಿತು, ನಿಜ. ಆದರೆ ಅಷ್ಟು ಬಾಡಿಗೆಯಲ್ಲಿ ದುರಸ್ತಿ ಮಾಡಿಸಲು ಮಾಲೀಕನಿಗೆ ಮನಸ್ಸಿಲ್ಲದಾಯಿತು. ಹೊಸಬನಿಂದ ಕೈಮರೆಯಲ್ಲಿ 'ಪಗಡಿ' ಪಡೆಯುವ ರೂಢಿಯೂ ಬೆಳೆಯಿತು.

ಮಾಲೀಕರು ಇನ್ನೊಂದು ಉಪಾಯ ಹೂಡಿದರು. ಬಾಡಿಗೆಯೆನ್ನದೆ 'ಲೀವ್ ಅಂಡ್ ಲೈಸೆನ್ಸ್' ಎಂದು ಬರೆಯಿಸಿಕೊಂಡರೆ, ಇರುವವನು ಬಾಡಿಗೆದಾರನಲ್ಲ, ಅನುಮತಿ ಪಡೆದವನು ಮಾತ್ರ. ಸರಕಾರ 1973ರಲ್ಲಿ ಕಾಯಿದೆ ತಿದ್ದಿ, ಆ ವರ್ಷದ ಫೆಬ್ರವರಿ 1ರಂದು ಹೀಗೆ ವಾಸವಾಗಿದ್ದವರನ್ನು ಬಾಡಿಗೆದಾರರೆಂದೇ ಎಣಿಸಿತು. ಆಮೇಲೆ ಬಂದವರಿಗೆ ಆ ಭಾಗ್ಯ ದೊರೆಯಲಿಲ್ಲ.

ದಶಕಗಳ ಕಾಲ ಬಾಡಿಗೆಯನ್ನು ಕಟ್ಟಿಹಾಕುವುದು ನ್ಯಾಯವಲ್ಲವೆಂದು 1997ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2000ದ ಮಾರ್ಚ್ 31ರಂದು ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆ ಜಾರಿಗೆ ಬಂದಿತು. ಹಳೆಯ ಬಾಡಿಗೆದಾರರಿಗೆ ಇದರಲ್ಲಿ ಆಸರೆಯುಂಟು. ಬಾಡಿಗೆ ವರ್ಷಕ್ಕೆ ನೂರಕ್ಕೆ 4ರಂತೆ ಏರಬಹುದು. ಆದರೆ ಟಿಟ್ವಾಳಾ, ಕಲ್ಯಾಣಗಳಲ್ಲಿ ಹೊಸದಾಗಿ ಬಿಡಾರ ಹೂಡುವ ನಮ್ಮವರ ಕೈಗೆ ಹೆಚ್ಚಾಗಿ ಬರುವುದು ಹನ್ನೊಂದು ತಿಂಗಳ ಲೈಸೆನ್ಸ್ ಕರಾರು. ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ ಗೊತ್ತುಪಡಿಸಿದ ಹಣದ ಇಮ್ಮಡಿ ತೆರಬೇಕಾದೀತು.

ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂಬ ಮಾತು ನಮ್ಮಲ್ಲಿ ಇನ್ನೂ ಉಂಟು. ಅದು ಸರಿಯಲ್ಲ. ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಲೇಬೇಕೆಂದು ಈ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಅದರ ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಂದಣಿಯಾದ ಕರಾರು ಇಲ್ಲದಿದ್ದಲ್ಲಿ ಶರತ್ತುಗಳ ಬಗ್ಗೆ ವಾಸವಾಗಿರುವವನ ಮಾತೇ, ಸುಳ್ಳೆಂದು ಸಿದ್ಧವಾಗುವವರೆಗೆ, ನಿಲ್ಲುತ್ತದೆ.

ನಮ್ಮ ಹಿರಿಯರಿಗೆ ಕಾಯಿದೆಯೇ ನೆರಳಾಗಿತ್ತು. ಇಂದು ಹೊಸದಾಗಿ ಬರುವವನಿಗೆ ಕರಾರಿನಲ್ಲಿ ಬರೆದಷ್ಟೇ ನೆರಳು. ಆದುದರಿಂದ ಠೇವಣಿಯ ಮೊತ್ತ, ಅದನ್ನು ಮರಳಿಸುವ ದಿನ, ನೋಟೀಸಿನ ಅವಧಿ ಇವಿಷ್ಟನ್ನೂ ತಪ್ಪದೆ ಬರೆಯಿಸಿ, ಮರಾಠಿ, ಇಂಗ್ಲಿಷು ಬಾರದವರು ಬಲ್ಲವರಿಂದ ಓದಿಸಿ ತಿಳಿದು, ಆಮೇಲೆ ರುಜು ಮಾಡಬೇಕೆಂದು ಬಂಧುಗಳಲ್ಲಿ ಬಿನ್ನಹ.