ಮರುಕವನ್ನು ಒಲ್ಲದ ಬರಹ: ಜೋರಾ ನೀಲ್ ಹರ್ಸ್ಟನ್ ಅವರ ಪ್ರಬಂಧದ ಉದ್ದೇಶ

ಅಮೆರಿಕದ ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರ ‘ಹೌ ಇಟ್ ಫೀಲ್ಸ್ ಟು ಬಿ ಕಲರ್ಡ್ ಮಿ’ ಎಂಬ ಪುಟ್ಟ ಪ್ರಬಂಧ 1928ರ ಮೇ ತಿಂಗಳಲ್ಲಿ ‘ದಿ ವರ್ಲ್ಡ್ ಟುಮಾರೊ’ ಎಂಬ ಕ್ರೈಸ್ತ ಶಾಂತಿವಾದಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಜನಾಂಗಾಭಿಮಾನದ ಘೋಷಣೆಯೆಂದು ಓದುವುದು ರೂಢಿ. ಅಭಿಮಾನ ಅದರಲ್ಲಿ ಧಾರಾಳವಾಗಿಯೇ ಇದೆ. ಆದರೆ ಅಭಿಮಾನವೇ ಪ್ರಬಂಧದ ಗುರಿ ಎಂದರೆ ಅರ್ಧ ಓದಿ ಮುಚ್ಚಿಟ್ಟಂತೆ. ಆ ಪತ್ರಿಕೆಯ ಬಹುಪಾಲು ಓದುಗರು ಉದಾರ ಮನಸ್ಸಿನ ಬಿಳಿಯರು, ಕಪ್ಪುಜನರ ಬಗ್ಗೆ ಮರುಕವುಳ್ಳವರು. ಕಪ್ಪು ಮನುಷ್ಯನ ಬದುಕನ್ನು ಅವನ ನೋವಿನಿಂದ ಮಾತ್ರ ಅಳೆಯುವ ಅವರ ಅಧಿಕಾರವನ್ನು ಒಪ್ಪದಿರುವುದು ಲೇಖಕಿಯ ಉದ್ದೇಶವಾಗಿತ್ತು, ಅಭಿಮಾನ ಅದಕ್ಕೆ ಒದಗಿದ ಸಾಧನ ಎಂಬುದು ನನ್ನ ವಾದ.

ಪ್ರಬಂಧದ ರಚನೆಯೇ ಇದಕ್ಕೆ ಮೊದಲ ಸಾಕ್ಷಿ. ಹರ್ಸ್ಟನ್ ಬೆಳೆದ ಫ್ಲಾರಿಡಾದ ಈಟನ್‌ವಿಲ್, 1887ರಲ್ಲಿ ಕಪ್ಪುಜನರೇ ಸ್ಥಾಪಿಸಿ ತಾವೇ ಆಡಳಿತ ನಡೆಸಿದ ಪಟ್ಟಣ. ಅವರ ತಂದೆ ಅಲ್ಲಿ ಮೇಯರ್ ಆಗಿದ್ದವರು. ಊರನ್ನು ಹಾದುಹೋಗುವ ಬಿಳಿಯ ಪ್ರವಾಸಿಗಳನ್ನು ಅಂಜುಬುರುಕರು ಪರದೆಯ ಮರೆಯಿಂದ ನೋಡಿದರೆ, ಬಾಲಕಿ ಜೋರಾ ಗೇಟಿನ ಕಂಬವೇರಿ ನಾಟಕದ ಮುಂದಿನ ಸಾಲಿನಲ್ಲಿ ಕುಳಿತವಳಂತೆ ನೋಡುತ್ತಾಳೆ. ಇಲ್ಲಿ ಬಿಳಿಯರೇ ನೋಟದ ವಸ್ತು. ಹದಿಮೂರನೆಯ ವಯಸ್ಸಿನಲ್ಲಿ ಜಾಕ್ಸನ್‌ವಿಲ್‌ನ ಶಾಲೆಗೆ ಹೋದ ಮೇಲಷ್ಟೇ ಆಕೆ ‘ಕಪ್ಪು ಹುಡುಗಿ’ ಆಗುತ್ತಾಳೆ. ಬಿಳಿಯರೇ ತುಂಬಿದ್ದ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಆ ಅರಿವು ಇನ್ನೂ ಹರಿತವಾಗುತ್ತದೆ. ಮೈಬಣ್ಣ ಹುಟ್ಟಿನಿಂದ ಬಂದರೂ ಅದರ ಅರ್ಥವನ್ನು ಸುತ್ತಲಿನ ಸಮಾಜ ಹೇರುತ್ತದೆ ಎಂಬುದು ಈ ಸನ್ನಿವೇಶಗಳ ಕ್ರಮದಲ್ಲೇ ಅಡಗಿದೆ. ಬರ್ನಾರ್ಡ್‌ನಲ್ಲಿ ಹರ್ಸ್ಟನ್ ಮಾನವಶಾಸ್ತ್ರ ಕಲಿತದ್ದು ಫ್ರಾಂಜ್ ಬೋವಾಸ್ ಅವರಿಂದ. ಜನಾಂಗಗಳಲ್ಲಿ ಮೇಲು ಕೀಳೆಂಬ ಶ್ರೇಣಿಯಿಲ್ಲವೆಂದು 1911ರಷ್ಟು ಹಿಂದೆಯೇ ವಾದಿಸಿದ್ದ ವಿದ್ವಾಂಸರಿಂದ. ಪ್ರಬಂಧದ ಕೊನೆಯಲ್ಲಿ ಮನುಷ್ಯರೆಂದರೆ ಬಣ್ಣಬಣ್ಣದ ಚೀಲಗಳು, ಒಳಗೆ ಮಾತ್ರ ಹೆಚ್ಚುಕಡಿಮೆ ಒಂದೇ ಬಗೆಯ ಚೂರುಪಾರು ಎಂಬ ಚಿತ್ರ ಬರುವುದು ಆ ಕಲಿಕೆಯ ಫಲವೆಂದು ಓದಬಹುದು. ಜನಾಂಗದ ಹಿರಿಮೆಯನ್ನು ಸಾರುವುದೇ ಗುರಿಯಾಗಿದ್ದರೆ ಎಲ್ಲ ಚೀಲಗಳನ್ನೂ ಒಂದೆಡೆ ಸುರಿದುಬಿಡುವ ಅಗತ್ಯವೇನಿತ್ತು?

ಆ ಕಾಲದ ಕಪ್ಪು ಬರಹಗಾರರ ಚರ್ಚೆಯೂ ಇದನ್ನೇ ಸೂಚಿಸುತ್ತದೆ. ಕಲೆಯೆಲ್ಲ ಪ್ರಚಾರವೇ ಎಂದು ಡಬ್ಲ್ಯು.ಇ.ಬಿ. ಡುಬೋಯಿಸ್ 1926ರಲ್ಲಿ ವಾದಿಸಿದ್ದರು. ಕಪ್ಪು ಕಲಾವಿದ ಯಾರ ಮೆಚ್ಚುಗೆಗೂ ಕಾಯಬೇಕಿಲ್ಲವೆಂದು ಅದೇ ವರ್ಷ ಲ್ಯಾಂಗ್‌ಸ್ಟನ್ ಹ್ಯೂಸ್ ಬರೆದರು. ಹರ್ಸ್ಟನ್ ನಿಲುವು ಹ್ಯೂಸ್ ಕಡೆಗೆ ವಾಲುತ್ತದೆ.

ಈ ಓದಿಗೆ ಬಲವಾದ ಆಕ್ಷೇಪಗಳಿವೆ. ಈಟನ್‌ವಿಲ್ ಇರುವ ಆರೆಂಜ್ ಕೌಂಟಿಯ ಒಕೋಯಿಯಲ್ಲೇ, 1920ರ ನವೆಂಬರಿನಲ್ಲಿ ಮತ ಹಾಕಲು ಹೋದ ತಪ್ಪಿಗೆ ಕಪ್ಪುಜನರನ್ನು ಕೊಂದು, ಮನೆಗಳನ್ನು ಸುಟ್ಟು, ಉಳಿದವರನ್ನು ಊರು ಬಿಡಿಸಲಾಯಿತು. ಅಂಥ ನೆಲದವರು ತಾರತಮ್ಯ ತನ್ನನ್ನು ಕೆರಳಿಸುವುದಿಲ್ಲ, ಬೆರಗಾಗಿಸುತ್ತದಷ್ಟೇ ಎಂದು ಬರೆಯುವುದು ಕಣ್ಣುಮುಚ್ಚಿಕೊಂಡಂತಲ್ಲವೇ? ಅಜ್ಞಾನವೆಂದು ಇದನ್ನು ತಳ್ಳಿಹಾಕಲಾಗದು: 1930ರ ದಶಕದಲ್ಲಿ ಅದೇ ಒಕೋಯಿ ಹತ್ಯಾಕಾಂಡದ ಬಗ್ಗೆ ಹರ್ಸ್ಟನ್ ಅವರೇ ಬರೆದರು. ಹಿಂಸೆ ತನ್ನ ಸುತ್ತ ಇತ್ತು ಎಂಬುದೊಂದು, ಅದೇ ತನ್ನ ಪೂರ್ತಿ ಗುರುತು ಎಂಬುದು ಇನ್ನೊಂದು. ಪ್ರಬಂಧ ನಿರಾಕರಿಸುವುದು ಎರಡನೆಯದನ್ನು. ಆದರೆ ಗುಲಾಮಗಿರಿಯನ್ನು ನಾಗರಿಕತೆಗೆ ತೆತ್ತ ಬೆಲೆಯೆಂದು ಕರೆಯುವ ಮಾತನ್ನು ಸಮರ್ಥಿಸಲಾಗದು. ಆ ಬೆಲೆ ತೆತ್ತವರನ್ನು ಯಾರೂ ಕೇಳಿರಲಿಲ್ಲ. ಜಾಜ್ ಸಂಗೀತ ಕೇಳುತ್ತ ತನ್ನೊಳಗೆ ಕಾಡು ಎಚ್ಚೆತ್ತಿತೆಂದು ಬಣ್ಣಿಸುವ ಭಾಗವೂ ಆಗಿನ ಬಿಳಿಯರ ಕಲ್ಪನೆಗೆ ಮೇವು ಒದಗಿಸುತ್ತದೆ. 1927ರ ಡಿಸೆಂಬರಿನಿಂದ ಶ್ರೀಮಂತ ಬಿಳಿಯ ಪೋಷಕಿ ಷಾರ್ಲಟ್ ಆಸ್‌ಗುಡ್ ಮೇಸನ್ ಹರ್ಸ್ಟನ್‌ಗೆ ತಿಂಗಳಿಗೆ 200 ಡಾಲರ್ ಕೊಡುತ್ತಿದ್ದುದರಿಂದ ಇದು ಪೋಷಕರನ್ನು ಮೆಚ್ಚಿಸುವ ಬರಹವೆಂಬ ಸಂಶಯ ಬರುವುದು ಸಹಜ. ಬಿಳಿಯರನ್ನು ರಂಜಿಸುತ್ತಾರೆಂದು 1937ರಲ್ಲಿ ಕಪ್ಪು ಲೇಖಕ ರಿಚರ್ಡ್ ರೈಟ್ ಹರ್ಸ್ಟನ್ ಕಾದಂಬರಿಯ ಮೇಲೆ ಹೊರಿಸಿದ ಆರೋಪವೂ ಇಂಥದ್ದೇ.

ಈ ಸಂಶಯಕ್ಕೆ ಉತ್ತರ 1950ರಲ್ಲಿ ‘ನೀಗ್ರೋ ಡೈಜೆಸ್ಟ್’ ಪ್ರಕಟಿಸಿದ ‘ವಾಟ್ ವೈಟ್ ಪಬ್ಲಿಷರ್ಸ್ ವೋಂಟ್ ಪ್ರಿಂಟ್’ ಲೇಖನದಲ್ಲಿದೆ. ಜನಾಂಗೀಯ ಸಂಘರ್ಷದ ಕಥೆಗಳನ್ನು ಬಯಸುವ ಪ್ರಕಾಶಕರು, ಕಪ್ಪುಜನರ ಸಾಮಾನ್ಯ ಪ್ರೀತಿ, ಆಲೋಚನೆ, ಒಳಬದುಕುಗಳನ್ನು ಅಚ್ಚು ಹಾಕಲು ಹಿಂಜರಿಯುತ್ತಾರೆಂದು ಹರ್ಸ್ಟನ್ ಅಲ್ಲಿ ನೇರವಾಗಿ ದೂರುತ್ತಾರೆ. ಪೋಷಕಿಯ ನಂಟು ಕಡಿದು ಎಷ್ಟೋ ವರ್ಷಗಳಾದ ಮೇಲೂ, ಯಾರ ಹಂಗೂ ಇಲ್ಲದೆ ಆಡಿದ ಮಾತು ಅದು. 1928ರಲ್ಲಿ ನಗುತ್ತ ಹೇಳಿದ್ದನ್ನೇ ಅವರು 1950ರಲ್ಲಿ ವಾದವಾಗಿ ಮಂಡಿಸಿದರು. ಮೊದಲ ಪ್ರಬಂಧವನ್ನು ಪಾಠ ಹೇಳುವವರು ಎರಡನೆಯದನ್ನೂ ಜೊತೆಗೇ ಓದಿಸಬೇಕು.