ತಮಟೆಯ ಬೆಂಕಿ ಮತ್ತು ನನ್ನ ಡ್ರಮ್ ಸೆಟ್ಟು

ನಗಬೇಡಿ. ನಲವತ್ತೆರಡನೇ ವಯಸ್ಸಿನಲ್ಲಿ ನಾನೊಂದು ಡ್ರಮ್ ಸೆಟ್ ತಗೊಂಡಿದ್ದೀನಿ. ಬೆಂಗಳೂರಿನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಮಾರಿದ ಹಳೇ ಸೆಟ್ಟು. ಅಪಾರ್ಟ್‌ಮೆಂಟಿನಲ್ಲಿ ಬಾರಿಸಿದರೆ ಅಕ್ಕಪಕ್ಕದವರು ಸುಮ್ಮನೆ ಬಿಡ್ತಾರಾ? ಅದಕ್ಕೇ ಗೌರಿಬಿದನೂರಿಗೆ ಸಾಗಿಸಿ, ಹಿಂದೆ ಹಸು ಕಟ್ಟುತ್ತಿದ್ದ ಹಿತ್ತಿಲ ಕೋಣೆಯಲ್ಲಿ ಜೋಡಿಸಿದೆ.

ದೊಡ್ಡ ಬಾಸ್ ಡ್ರಮ್ ಒಂದು, ಸ್ನೇರ್ ಒಂದು, ಟಾಮ್ ಮೂರು. ಒಂದೊಂದರ ಸುತ್ತಲೂ ಆರೋ ಎಂಟೋ ತಿರುಪು. ತಿರುಗಿಸೋಕೆ ಒಂದು ಪುಟ್ಟ ಕೀಲಿ. ಇದರಲ್ಲೇನು ಮಹಾ ಅಂತ ಒಂದು ತಿರುಪನ್ನ ಪೂರ್ತಿ ಬಿಗಿ ಮಾಡಿದೆ. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು... ಹೀಗೆ ಸುತ್ತು ಬಂದೆ. ಕೊನೆಗೆ ನೋಡಿದರೆ ಒಂದು ಕಡೆ ಕಲ್ಲಿನಂತೆ ಬಿಗಿ, ಇನ್ನೊಂದು ಕಡೆ ಸುಕ್ಕು.

ಬಾರಿಸಿದ ಸದ್ದಿಗೆ ಅಮ್ಮ ಅಡುಗೆಮನೆಯಿಂದ ಎದ್ದು ಬಂದರು. "ಏನೋ ಇದು, ಖಾಲಿ ಎಣ್ಣೆ ಡಬ್ಬ ಬಡಿದಂಗೈತೆ. ತಮಟೆಯೋರು ಬೆಂಕಿಗೆ ಹಿಡೀತಿರಲಿಲ್ವಾ? ನೀನೂ ಒಂಚೂರು ಕಾಯಿಸು."

"ಅಮ್ಮಾ, ಇದು ಪ್ಲಾಸ್ಟಿಕ್ಕು. ಕರಗೋಗುತ್ತೆ" ಅಂತ ನಕ್ಕೆ. ಆದರೆ ಆಮೇಲೆ ಓದುತ್ತಾ ಹೋದಂತೆ ಅಮ್ಮ ಹೇಳಿದ್ದೇನೂ ತಪ್ಪಲ್ಲ ಅನ್ನಿಸಿತು. ಆ ಕಥೆ ಬರೆಯೋಣ ಅಂತಲೇ ಇವತ್ತು ಕೂತಿದ್ದು.

ನಮ್ಮ ಕಡೆ ತಮಟೆಗೆ ಹಲಗೆ ಅಂತಲೂ ಅಂತಾರೆ. ಆಂಧ್ರದ ಗಡಿ ಪಕ್ಕದಲ್ಲೇ ಇರೋದರಿಂದ ತೆಲುಗು ಮನೆಮಾತಿನವರ ಬಾಯಲ್ಲಿ ಅದು ತಪ್ಪೆಟ. ದುಂಡನೆಯ ಬಳೆ, ಅದರ ಒಂದೇ ಮುಖಕ್ಕೆ ಚರ್ಮ. ಒಂದು ಗಿಡ್ಡ ಕಡ್ಡಿ, ಒಂದು ಉದ್ದನೆ ತೆಳು ಕಡ್ಡಿ. ಜಾತ್ರೆ, ಮದುವೆ ದಿಬ್ಬಣ, ಸಾವು, ಎಲ್ಲಕ್ಕೂ ಅದೇ. ಶುರು ಮಾಡುವ ಮೊದಲು ಬೀದಿ ಕೊನೆಯಲ್ಲಿ ಒಂದಿಷ್ಟು ಒಣಹುಲ್ಲು, ತೆಂಗಿನ ಗರಿ ಸೇರಿಸಿ ಬೆಂಕಿ ಹಾಕೋರು. ಮಕ್ಕಳಾದ ನಮಗೆ ಆ ಬೆಂಕಿ ನೋಡೋದೇ ಒಂದು ಹಬ್ಬ. ಅವರಲ್ಲಿ ವಯಸ್ಸಾದ ಒಬ್ಬರು ತಮಟೆಯನ್ನ ಉರಿಯ ಹತ್ತಿರ ಹಿಡಿದು ತಿರುಗಿಸುತ್ತಾ, ನಡುನಡುವೆ ಬೆರಳಲ್ಲಿ ತಟ್ಟಿ, ತಲೆ ವಾಲಿಸಿ ಕೇಳೋರು. ಮತ್ತೆ ಉರಿಗೆ ಹಿಡಿಯೋರು. ಅವರು ತಲೆ ಆಡಿಸಿದ ಮೇಲೇ ಉಳಿದವರು ಕಡ್ಡಿ ಎತ್ತುತ್ತಿದ್ದುದು.

ಚರ್ಮ ಗಾಳಿಯ ತೇವ ಹೀರುತ್ತೆ, ಸಡಿಲವಾಗುತ್ತೆ, ದನಿ ಇಳಿಯುತ್ತೆ. ಕಾಯಿಸಿದರೆ ತೇವ ಹೋಗಿ ಬಿಗಿಯುತ್ತೆ, ದನಿ ಏರುತ್ತೆ. ಜಾಸ್ತಿ ಕಾಯಿಸಿದರೆ ಚರ್ಮವೇ ಬಿರಿಯುತ್ತೆ. ಎಲ್ಲಿ ನಿಲ್ಲಿಸಬೇಕು ಅನ್ನೋದು ಕಿವಿಗೆ ಮಾತ್ರ ಗೊತ್ತು. ಆ ಅಜ್ಜ ಮಾಡುತ್ತಿದ್ದುದು ಶ್ರುತಿ ಸೇರಿಸುವ ಕೆಲಸ. ನಾವು ಅದನ್ನ ಚಳಿ ಕಾಯಿಸೋದು ಅಂದುಕೊಂಡಿದ್ವಿ!

ಈಗ ಅಮೆರಿಕಕ್ಕೆ ಹೋಗೋಣ. ಹಲವು ಡ್ರಮ್ಮುಗಳನ್ನ ಒಬ್ಬನೇ ಕೂತು ಬಾರಿಸುವ ಈ ಸೆಟ್ಟು ಅಲ್ಲಿ ರೂಪುಗೊಂಡಿದ್ದು ಸುಮಾರು ನೂರು ವರ್ಷದ ಹಿಂದೆ. 1909ರಲ್ಲಿ ಲುಡ್ವಿಗ್ ಅನ್ನೋರು ಬಾಸ್ ಡ್ರಮ್ಮಿಗೆ ಒಳ್ಳೆಯ ಕಾಲ್ತುಳಿ ಮಾಡಿದ ಮೇಲೆ ಕೈ ಎರಡೂ ಬಿಡುವಾದವು. ಆಗಿನ ಟಾಮ್‌ಗಳು ಹೆಚ್ಚಾಗಿ ಚೀನಾದವು. ಚರ್ಮವನ್ನ ಮೊಳೆ ಹೊಡೆದು ಕೂರಿಸಿರೋದು, ತಿರುಪು ಇಲ್ಲ. ದನಿ ಏರಿಸಬೇಕಾದರೆ ಶಾಖವೇ ಗತಿ! 1930ರ ದಶಕದಲ್ಲಿ ಜೀನ್ ಕ್ರೂಪಾ ಎಂಬ ಜಾಝ್ ಡ್ರಮ್ಮರ್ ಸ್ಲಿಂಗರ್‌ಲ್ಯಾಂಡ್ ಕಂಪನಿ ಜೊತೆ ಸೇರಿ ಮೇಲಿನ ಮುಖ, ಕೆಳಗಿನ ಮುಖ ಎರಡನ್ನೂ ಬೇರೆಬೇರೆ ಬಿಗಿ ಮಾಡಬಹುದಾದ ಟಾಮ್‌ಗಳನ್ನ ಬಳಕೆಗೆ ತಂದರು.

ತಿರುಪು ಬಂತು, ಆದರೆ ಮುಖ ಮಾತ್ರ ಕರುವಿನ ಚರ್ಮದ್ದೇ. ಮಳೆ ಬಂದರೆ ಅವರಿಗೂ ನಮ್ಮ ತಮಟೆಯೋರ ಪಾಡೇ. ಅದಕ್ಕೇನು ಮಾಡ್ತಿದ್ರು ಗೊತ್ತಾ? ಬಾಸ್ ಡ್ರಮ್ಮಿನ ಹೊಟ್ಟೆಯೊಳಗೆ ಬಲ್ಬು ಉರಿಸಿ ಇಡ್ತಿದ್ರು. ಹಳೇ ಫೋಟೋಗಳಲ್ಲಿ ಡ್ರಮ್ಮಿನ ಮುಂದುಗಡೆ ಬರೆದ ಚಿತ್ರ ಬೆಳಗುತ್ತಾ ಇರುತ್ತಲ್ಲ, ಆ ಬಲ್ಬಿನ ಬಿಸಿ ಚರ್ಮ ಒಣಗಿಸೋಕೂ ಆಗುತ್ತಿತ್ತು. 1957ರ ಹೊತ್ತಿಗೆ ಚಿಕ್ ಇವಾನ್ಸ್, ರೆಮೋ ಬೆಲ್ಲಿ ಎಂಬಿಬ್ಬರು ಮೈಲಾರ್ ಅನ್ನುವ ಪ್ಲಾಸ್ಟಿಕ್ ಹಾಳೆಯ ಮುಖಗಳನ್ನ ಮಾರುಕಟ್ಟೆಗೆ ತಂದ ಮೇಲೇ ಆ ತಾಪತ್ರಯ ತಪ್ಪಿದ್ದು. ಅಂದರೆ ಅಮ್ಮನ ಸಲಹೆ ಆರೇಳು ದಶಕ ತಡವಾಗಿ ಬಂತು, ಅಷ್ಟೇ :)

ಇನ್ನೊಂದು ಸಂಗತಿ ನಮ್ಮ ಬೆಂಗಳೂರಿನದೇ. ತಂತಿಯ ಉಪಸ್ವರಗಳು ಮೂಲ ಸ್ವರದ ಎರಡರಷ್ಟು, ಮೂರರಷ್ಟು ಹೀಗೆ ಲೆಕ್ಕಕ್ಕೆ ಸಿಗುತ್ತವೆ. ಬರೀ ದುಂಡು ಚರ್ಮದಲ್ಲಿ ಹಾಗಲ್ಲ. ಅವು 1.59, 2.14, 2.30 ಹೀಗೆ ಲೆಕ್ಕ ತಪ್ಪಿ ಬರುತ್ತವೆ. ಡ್ರಮ್ಮಿನಲ್ಲಿ ಸ್ವರ ಹಿಡಿಯೋದು ಕಷ್ಟ ಆಗೋದು ಅದಕ್ಕೇ. ಮೃದಂಗ, ತಬಲಾದ ನಡುವಿನ ಕಪ್ಪು ಕರಣೆ ಆ ತಪ್ಪಿದ ಸ್ವರಗಳನ್ನ ಸಾಲಿಗೆ ತರುತ್ತೆ ಅಂತ ತೋರಿಸಿದವರು ಸಿ.ವಿ. ರಾಮನ್. 1920ರಲ್ಲಿ ಶಿವಕಾಳಿ ಕುಮಾರ್ ಜೊತೆ 'ನೇಚರ್' ಪತ್ರಿಕೆಯಲ್ಲಿ ಬರೆದರು. 1934ರಲ್ಲಿ, ಬೆಂಗಳೂರಿನಲ್ಲಿದ್ದಾಗ, ಭಾರತೀಯ ಮದ್ದಳೆಗಳ ಬಗ್ಗೆ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಬಾರಿಸಿದಾಗ ಅದು ಎಲ್ಲೆಲ್ಲಿ ಗೆರೆಯಾಗಿ ನಿಲ್ಲುತ್ತೆ ಅಂತ ನೋಡಿದ್ದರು. ಕರಣೆ ಹಾಕಿದ ಕುಶಲಕರ್ಮಿಗಳು ಇದನ್ನೆಲ್ಲ ಎಷ್ಟೋ ತಲೆಮಾರುಗಳ ಹಿಂದೆಯೇ ಕಿವಿಯಿಂದ ಕಂಡುಕೊಂಡಿದ್ದರು. ಅವರ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ.

ನನ್ನ ಕಥೆಗೆ ವಾಪಸ್ ಬರ್ತೀನಿ. ಎಲ್ಲ ಬಿಚ್ಚಿ ಮೊದಲಿಂದ ಶುರು ಮಾಡಿದೆ. ಹೊಸಬರು ಯಾರಾದರೂ ಇದ್ದರೆ ನೋಡಿಕೊಳ್ಳಿ. ಡ್ರಮ್ಮಿನ ಅಂಚು ಒರೆಸಿ ಮುಖ ಕೂರಿಸಿ. ತಿರುಪುಗಳನ್ನ ಮೊದಲು ಬರೀ ಬೆರಳಲ್ಲೇ ತಿರುಗಿಸಿ. ಅಂಗೈಯಿಂದ ನಡುವೆ ಒತ್ತಿ. ಆಮೇಲೆ ಕೀಲಿಯಿಂದ ಅರ್ಧರ್ಧ ಸುತ್ತು, ಒಂದಾದ ಮೇಲೆ ಅದರ ಎದುರಿನದ್ದು. ಪಕ್ಕದ್ದಕ್ಕೆ ಹೋಗಲೇಬೇಡಿ! ಸುಕ್ಕು ಹೋದ ಮೇಲೆ ಪ್ರತಿ ತಿರುಪಿನಿಂದ ಒಂದಂಗುಲ ಒಳಗೆ ಮೆಲ್ಲಗೆ ತಟ್ಟಿ ಕೇಳಿ. ಎಲ್ಲ ಕಡೆ ಒಂದೇ ದನಿ ಬರೋವರೆಗೆ ಕಾಲುಕಾಲು ಸುತ್ತು ಹೆಚ್ಚುಕಮ್ಮಿ ಮಾಡಿ. ಕೆಳಗಿನ ಮುಖಕ್ಕೂ ಹೀಗೇ. ಒಂದು ಟಾಮ್‌ಗೆ ನನಗೆ ಮೂರು ಗಂಟೆ ಹಿಡೀತು. ಕೊನೆಗೊಮ್ಮೆ ಅದು 'ಧೂಂ...' ಅಂತ ಉಲಿದಾಗ ನೋಡಿದರೆ ನನ್ನ ತಲೆ ಒಂದು ಕಡೆ ವಾಲಿತ್ತು. ಆ ಅಜ್ಜನ ಹಾಗೇ.

ಆಗ ನೆನಪಾಗಿದ್ದು ಬೆಂಕಿಯೊಂದೇ ಅಲ್ಲ. ಆ ಅಜ್ಜ ನಮ್ಮ ಮನೆ ಹೊಸಿಲು ದಾಟಿದ್ದನ್ನ ನಾನು ನೋಡಿಲ್ಲ. ನೀರು ಕೇಳಿದರೆ ಅಜ್ಜಿ ಎತ್ತರದಿಂದ ಬೊಗಸೆಗೆ ಹುಯ್ಯುತ್ತಿದ್ದರು. ದುಡ್ಡನ್ನ ಜಗಲಿ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದರು. ಆ ಸದ್ದಿಲ್ಲದೆ ನಮ್ಮ ಮನೆಯ ಹೆಣ ಏಳುತ್ತಿರಲಿಲ್ಲ. ಆದರೂ ಹೀಗೆ.

ತಮಟೆ ಬಾರಿಸೋದು ಬಹುತೇಕ ಕಡೆ ದಲಿತರ ಮೇಲೆ ಹೊರಿಸಿದ ಬಿಟ್ಟಿ ಚಾಕರಿಯಾಗಿತ್ತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಎಷ್ಟೋ ಊರುಗಳಲ್ಲಿ ಇನ್ನು ಬಾರಿಸೋದಿಲ್ಲ ಅಂದರು. ಅದೇ ಚಳವಳಿಯ ಮೆರವಣಿಗೆಗಳಲ್ಲಿ ಹೋರಾಟದ ಹಾಡಿಗೆ ಅದೇ ತಮಟೆಯನ್ನ ತಮ್ಮಿಷ್ಟದಿಂದ ಕೈಗೆತ್ತಿಕೊಂಡರು. ಈ ಎರಡೂ ಒಂದಕ್ಕೊಂದು ವಿರುದ್ಧ ಅಂತ ನನಗೆ ಅನ್ನಿಸೋದಿಲ್ಲ. 2023ರಲ್ಲಿ ನಮ್ಮದೇ ಜಿಲ್ಲೆಯ ಶಿಡ್ಲಘಟ್ಟ ಕಡೆಯ ತಮಟೆ ಕಲಾವಿದ, ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಬೀದಿ ಕೊನೆಯ ಆ ವಾದ್ಯ ದೆಹಲಿ ಮುಟ್ಟಿತು.

ಹೋದ ಗಣೇಶನ ಹಬ್ಬದಲ್ಲಿ ಮೆರವಣಿಗೆ ನಿಂತಾಗ ತಮಟೆ ಹುಡುಗರ ಹತ್ತಿರ ಹೋದೆ. ಪ್ಲಾಸ್ಟಿಕ್ ಮುಖದ ತಮಟೆ, ಸುತ್ತಲೂ ಬೋಲ್ಟು. ಒಬ್ಬ ಸ್ಪ್ಯಾನರ್ ಹಿಡಿದು ಒಂದು ಬೋಲ್ಟು, ಆಮೇಲೆ ಅದರ ಎದುರಿನದ್ದು ಬಿಗಿ ಮಾಡ್ತಾ ಇದ್ದ.

"ಬೆಂಕಿ ಬೇಡ್ವಾ?" ಅಂದೆ.

"ಇದಕ್ಕೆ ಬೇಡಣ್ಣ. ಆದ್ರೆ ಚರ್ಮದ ಸದ್ದು ಇದಕ್ಕೆಲ್ಲಿ ಬರ್ತದೆ? ನಮ್ ತಾತ ಇದನ್ನ ಮುಟ್ಟೋದೂ ಇಲ್ಲ" ಅಂದ.

ಮನೆಗೆ ಬಂದು ಅಮ್ಮನನ್ನ ಕೇಳಿದೆ. "ಅಮ್ಮ, ನಮ್ಮ ಬೀದಿಗೆ ಬರ್ತಿದ್ರಲ್ಲ, ತಮಟೆ ಕಾಯಿಸೋ ಅಜ್ಜ, ಅವರ ಹೆಸರೇನು?" ಅಮ್ಮ ತುಂಬಾ ಹೊತ್ತು ಯೋಚನೆ ಮಾಡಿದರು. "ತಮಟೆಯೋನು ಅಂತಲೇ ಕರೀತಿದ್ವಲ್ಲೋ..." ಅಂದು ಸುಮ್ಮನಾದರು.

ಕ್ರೂಪಾ, ಲುಡ್ವಿಗ್, ರೆಮೋ ಎಲ್ಲರ ಹೆಸರೂ ಇಸವಿ ಸಮೇತ ನನಗೆ ಬಾಯಿಪಾಠ. ನನ್ನ ತಾತನನ್ನ ಸ್ಮಶಾನದವರೆಗೆ ಕಳಿಸಿಕೊಟ್ಟವರ ಹೆಸರು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಿಮ್ಮೂರಲ್ಲಿ ತಮಟೆ ಕಾಯಿಸುತ್ತಿದ್ದವರು ಯಾರು? ಹೆಸರು ನೆನಪಿದೆಯಾ? ಇಲ್ಲದಿದ್ದರೆ ಮುಂದಿನ ಸಲ ಊರಿಗೆ ಹೋದಾಗ ಕೇಳಿ ನೋಡಿ. ನಾನಂತೂ ಈ ಭಾನುವಾರ ಆ ಹುಡುಗನ ತಾತನನ್ನ ಹುಡುಕಿಕೊಂಡು ಹೊರಟಿದ್ದೀನಿ. ಮೊದಲು ಹೆಸರು ಕೇಳ್ತೀನಿ. ಶ್ರುತಿ ವಿಷಯ ಆಮೇಲೆ.